ಓವರ್ ಕೊಡುವ ಹೊತ್ತು

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಓಡುವ ಬಸ್ಸಿನಲ್ಲಿ ನಿಂತುಕೊಂಡು ದುಡಿದವಳು ನಾನು. ತಿರುವಿನಲ್ಲಿ ಬೀಳಲಿಲ್ಲ, ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಬೀಳಲಿಲ್ಲ, ಶಾಲೆ ಬಿಟ್ಟ ಹೊತ್ತಿನ ನೂಕುನುಗ್ಗಲಿನಲ್ಲೂ ಬೀಳಲಿಲ್ಲ. ಬಿದ್ದದ್ದು ನಿವೃತ್ತಿಯಾದ ಮೇಲೆ, ನಮ್ಮದೇ ಅಡುಗೆಮನೆಯಲ್ಲಿ, ಅಲ್ಲಾಡದೆ ನಿಂತಿದ್ದ ಸ್ಟೂಲಿನ ಮೇಲಿಂದ. ಮೇಲಿನ ಕಪಾಟಿನಲ್ಲಿದ್ದ ಡಬ್ಬಿಗೆ ಕೈ ಚಾಚಲು ಹೋಗಿ ತೊಡೆಯ ಮೂಳೆ ಮುರಿದುಕೊಂಡೆ. ಯಾರಾದರೂ ಹೇಗಾಯಿತು ಎಂದು ಕೇಳಿದರೆ ಈಗಲೂ ಮಾತು ಬದಲಿಸುತ್ತೇನೆ.

ಮಗ ನನ್ನನ್ನು ಸೇರಿಸಿದ್ದು ನನ್ನ ಸೊಸೆ ಕೆಲಸ ಮಾಡುವ ಆಸ್ಪತ್ರೆಗೇ. ಅವಳು ಅಲ್ಲಿ ನರ್ಸ್, ಅದೂ ಮೂಳೆ ಮುರಿದ ಹೆಂಗಸರ ವಾರ್ಡಿನಲ್ಲೇ. ಬೇರೊಂದು ಸಣ್ಣ ಆಸ್ಪತ್ರೆ ಬಿಟ್ಟು ಇಲ್ಲಿಗೆ ಬಂದು ಆಗಿನ್ನೂ ನಾಲ್ಕು ತಿಂಗಳಾಗಿತ್ತು. ನನ್ನ ಆಪರೇಷನ್ ಮುಗಿದು, ತೊಡೆಯೊಳಗೆ ಕಬ್ಬಿಣದ ಸರಳು ಕೂತು, ತಳ್ಳುಮಂಚದ ಮೇಲೆ ವಾರ್ಡಿಗೆ ಹೊರಟಾಗ ಅವಳು ಲಿಫ್ಟಿನೊಳಗೆ ನನ್ನ ಕಿವಿಯ ಹತ್ತಿರ ಬಾಗಿದಳು.

"ಅತ್ತೆ, ಒಂದು ಮಾತು. ವಾರ್ಡಲ್ಲಿ ನಾನು ನಿಮ್ಮ ಸೊಸೆ ಅಂತ ಯಾರಿಗೂ ಹೇಳ್ಬೇಡಿ."

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅರಿವಳಿಕೆಯ ಮಂಪರಿನಲ್ಲೂ ಅದು ಅಲ್ಲಿಂದ ಕದಲಿರಲಿಲ್ಲ.

"ಯಾಕೆ? ನನ್ನನ್ನ ಅತ್ತೆ ಅಂತ ಹೇಳ್ಕೊಳ್ಳೋಕೆ ನಾಚಿಕೆನಾ ನಿಂಗೆ?"

"ಅಯ್ಯೋ, ಹಾಗಲ್ಲ ಅತ್ತೆ. ನನ್ನಿಂದ ನಿಮಗೆ ತೊಂದ್ರೆ ಆಗ್ಬಾರ್ದು ಅಂತ."

"ಅಲ್ವೇ, ನಾಲ್ಕು ತಿಂಗಳಿಂದ ಜೊತೇಲಿ ಕೆಲಸ ಮಾಡ್ತಿದ್ದೀರ. ನಿನ್ನ ಮನೇಲಿ ಯಾರ್ಯಾರಿದ್ದಾರೆ ಅಂತ ಅವರಿಗೆ ಗೊತ್ತಿರಲ್ವಾ?"

ಅವಳು ಲಿಫ್ಟಿನ ಗುಂಡಿಗಳನ್ನು ನೋಡುತ್ತಾ ಹೇಳಿದಳು, "ಯಾರೂ ಕೇಳಿಲ್ಲ ಅತ್ತೆ."

ನನ್ನ ಬಸ್ಸಿಗೆ ದಿನಾ ಹತ್ತುತ್ತಿದ್ದವರಲ್ಲಿ ಯಾರ ಮಗಳು ಪಾಸಾದಳು, ಯಾರ ಗಂಡನಿಗೆ ಕೆಮ್ಮು ಎನ್ನುವುದೆಲ್ಲ ನನಗೆ ಗೊತ್ತಿರುತ್ತಿತ್ತು. ಟಿಕೆಟ್ ಹರಿಯುವಷ್ಟು ಹೊತ್ತಿನಲ್ಲಿ ಅಷ್ಟು ಮಾತಾಗುತ್ತದೆ. ಹೆಗಲಿಗೆ ಹೆಗಲು ಕೊಟ್ಟು ರೋಗಿಗಳನ್ನು ಎತ್ತಿ ಮಲಗಿಸುವವರ ನಡುವೆ ನಾಲ್ಕು ತಿಂಗಳಲ್ಲಿ ಒಂದು ಮಾತೂ ಆಗಿಲ್ಲವೆಂದರೆ, ಅಲ್ಲೇನೋ ಸರಿಯಿಲ್ಲ. ಹುಡುಗಿ ಇತ್ತೀಚೆಗೆ ಮನೆಗೆ ಬಂದು ಬಾಯಿ ಬಿಡದೆ ಮಲಗುತ್ತಿದ್ದದ್ದು ನೆನಪಾಯಿತು. ಬಾಯಿಗೆ ಬೀಗ ಹಾಕಿಕೊಳ್ಳುವೆನೆಂದು ಮಾತು ಕೊಟ್ಟೆ. ನನ್ನಂಥವಳಿಗೆ ಮುರಿದ ಮೂಳೆಗಿಂತ ಅದೇ ಕಷ್ಟ.

ವಾರ್ಡ್ ಉದ್ದನೆಯದು. ಒಂದು ಗೋಡೆಗೆ ಮೂರು ಮಂಚ, ಎದುರು ಗೋಡೆಗೆ ಮೂರು, ಬಾಗಿಲ ಬಳಿ ಗಾಜು ಹಾಕಿದ ನರ್ಸುಗಳ ಮೇಜು. ಕಿಟಕಿಯಾಚೆ ಬಸ್‌ ಸ್ಟಾಪ್ ಇದೆಯೆಂದು ಹಾರ್ನ್ ಕೇಳಿಯೇ ತಿಳಿದೆ. ಕಿಟಕಿಯ ಪಕ್ಕ ಎರಡೂ ಮಂಡಿ ಬದಲಾಯಿಸಿಕೊಂಡ ಟೀಚರಮ್ಮ. ಅವರ ಎದುರಿಗೆ ತೋಳು ಮುರಿದುಕೊಂಡು ಆಪರೇಷನ್‌ಗೆ ಕಾಯುತ್ತಿದ್ದ ಟೈಲರಮ್ಮ. ನನ್ನ ಪಕ್ಕದಲ್ಲಿ ಸೊಂಟ ಮುರಿದ ಒಬ್ಬರು ಅಜ್ಜಿ, ಕಿವಿ ಮಂದ. ಉಳಿದೆರಡು ಮಂಚ ಆ ವಾರ ಖಾಲಿ. ಅರ್ಧ ದಿನದೊಳಗೆ ನಾನು ಎಲ್ಲರಿಗೂ ಕಂಡಕ್ಟರಮ್ಮ ಆಗಿಬಿಟ್ಟಿದ್ದೆ.

ನರ್ಸುಗಳಲ್ಲಿ ಹಿರಿಯಳೊಬ್ಬಳಿದ್ದಳು. ಯಾರಿಗೆ ಯಾವ ಪಾಳಿ ಎಂದು ಹಾಕುವವಳು ಅವಳೇ. ಕೆಲಸದಲ್ಲಿ ಚುರುಕು, ಸೂಜಿ ಚುಚ್ಚಿದರೆ ಚುಚ್ಚಿದ್ದೇ ತಿಳಿಯದು, ಅದನ್ನು ಇಲ್ಲ ಎನ್ನಲಾರೆ. ಆದರೆ ನಡೆಯುವುದು, ನೋಡುವುದು ಎಲ್ಲಾ ನಮ್ಮ ಟಿಕೆಟ್ ತಪಾಸಣೆಯವರ ಹಾಗೆ: ತಪ್ಪು ಸಿಕ್ಕೇ ಸಿಗುತ್ತದೆ ಎಂಬ ಮುಖ. ಅವಳಿಗೆ ನಾನು ಚೆಕಿಂಗ್ ಎಂದು ಹೆಸರಿಟ್ಟೆ. ಅವಳ ಹಿಂದೆ ಮುಂದೆ ಇಬ್ಬರು ಕಿರಿಯರು, ಅವಳು ನಕ್ಕರೆ ನಗುವವರು, ಅವಳು ಹುಬ್ಬು ಗಂಟಿಕ್ಕಿದರೆ ಗಂಟಿಕ್ಕುವವರು.

ಅವರ ಕೆಲಸದಲ್ಲೊಂದು ಪದ್ಧತಿಯಿದೆ. ಪಾಳಿ ಬದಲಾಗುವಾಗ ಹೋಗುವವಳು ಬರುವವಳಿಗೆ ಒಂದೊಂದು ಮಂಚದ ಸಮಾಚಾರವನ್ನೂ ಬಾಯಿಬಿಟ್ಟು ಒಪ್ಪಿಸಬೇಕು. ಯಾರಿಗೆ ಏನು ಕೊಟ್ಟಾಯಿತು, ಏನು ಬಾಕಿ, ಡಾಕ್ಟರು ಏನು ಹೇಳಿದರು, ಯಾರಿಗೆ ಜ್ವರ, ಯಾರು ಊಟ ಬಿಟ್ಟರು, ಎಲ್ಲಾ. ಇದಕ್ಕೆ ಅವರು ಓವರ್ ಕೊಡುವುದು ಎನ್ನುತ್ತಾರೆ. ಬಸ್ಸು ಒಪ್ಪಿಸುವಾಗ ನಾವೂ ಮುಂದಿನವರಿಗೆ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತಿಲ್ಲ, ನೋಡಿಕೋ ಎಂದು ಹೇಳಿಯೇ ಇಳಿಯುತ್ತಿದ್ದೆವು. ಜಗಳ ಆಡಿದವನಿಗೂ ಹೇಳುತ್ತಿದ್ದೆವು.

ಮೊದಲ ದಿನ ಮಧ್ಯಾಹ್ನ ಚೆಕಿಂಗ್ ಓವರ್ ಕೊಟ್ಟದ್ದನ್ನು ನೋಡಿದೆ. ಆ ದಿನ ಮಧ್ಯಾಹ್ನದ ಪಾಳಿಗೆ ನನ್ನ ಸೊಸೆಯೂ ಆ ಕಿರಿಯರಲ್ಲೊಬ್ಬಳೂ ಬಂದಿದ್ದರು. ಟೀಚರಮ್ಮನಿದ್ದ ಎದುರು ಸಾಲು ಕಿರಿಯಳಿಗೆ, ಟೈಲರಮ್ಮನಿದ್ದ ನಮ್ಮ ಸಾಲು ನನ್ನ ಸೊಸೆಗೆ. ಕಿರಿಯಳಿಗೆ ಚೆಕಿಂಗ್ ಮೇಜಿನ ಬಳಿ ಕೂತು, ನಗುನಗುತ್ತಾ, ಖಾಲಿ ಮಂಚದ ಹೊದಿಕೆಯ ವಿಷಯವನ್ನೂ ಬಿಡದೆ ಹೇಳಿದಳು. ನನ್ನ ಸೊಸೆ ಪಕ್ಕದಲ್ಲಿ ನಿಂತಿದ್ದಳು. ಅವಳ ಸರದಿ ಬಂದಾಗ ಚೆಕಿಂಗ್ ಎದ್ದು ಕೈಚೀಲ ಹೆಗಲಿಗೇರಿಸಿದಳು.

"ನಿಂದೆಲ್ಲಾ ಸರಿಯಿದೆ," ಎಂದು ಬೆನ್ನು ತಿರುಗಿಸಿ ಹೊರಟೇಬಿಟ್ಟಳು.

"ಸಿಸ್ಟರ್, ಟೈಲರಮ್ಮಂಗೆ ಡಾಕ್ಟರ್ ಏನಾದ್ರೂ ಹೇಳಿದ್ರಾ?"

"ಕಣ್ಣಿಲ್ವಾ? ಬಂದು ನಾಲ್ಕು ತಿಂಗಳಾಯ್ತು, ಇನ್ನೂ ತುತ್ತು ಮಾಡಿ ಉಣ್ಣಿಸ್ಬೇಕಾ?"

ಕಿರಿಯಳು ಕಿಸಕ್ಕನೆ ನಕ್ಕಳು. ನನ್ನ ಸೊಸೆ ಮಂಚದಿಂದ ಮಂಚಕ್ಕೆ ಹೋಗಿ, ತೂಗುಹಾಕಿದ ಕಾಗದ ನೋಡಿ, ನಮ್ಮನ್ನೇ ಮಾತಾಡಿಸಿ, ತಿಳಿದಷ್ಟು ತಿಳಿದುಕೊಂಡಳು. ಸಂಜೆ ಟೈಲರಮ್ಮ ಹಸಿವು ಎಂದಳು. ಕಾಗದದಲ್ಲಿ ಬೇಡವೆಂದಿರಲಿಲ್ಲ, ಸೊಸೆ ಟೀ ಬಿಸ್ಕತ್ತು ಕೊಟ್ಟಳು. ಕೊಟ್ಟು ಅರ್ಧ ಗಂಟೆಯೂ ಆಗಿರಲಿಲ್ಲ, ಆಪರೇಷನ್ ಕೋಣೆಯಿಂದ ತಳ್ಳುಮಂಚ ಬಂತು. ಬೆಳಿಗ್ಗೆ ಡಾಕ್ಟರು ಮೇಜಿನ ಬಳಿ ನಿಂತು, ಇವರನ್ನು ಇವತ್ತೇ ಸಂಜೆ ತಗೊಳ್ಳೋಣ, ಏನೂ ತಿನ್ನಿಸಬೇಡಿ ಎಂದು ಚೆಕಿಂಗ್‌ಗೆ ಬಾಯಲ್ಲಿ ಹೇಳಿಹೋಗಿದ್ದರಂತೆ. ಹೊಟ್ಟೆಯಲ್ಲಿ ಬಿಸ್ಕತ್ತು ಇಟ್ಟುಕೊಂಡವರಿಗೆ ಅರಿವಳಿಕೆ ಕೊಡುವುದಿಲ್ಲವೆಂದು ಬಂದ ತಳ್ಳುಮಂಚ ಹಾಗೇ ಹಿಂತಿರುಗಿತು. ಟೈಲರಮ್ಮ ಮತ್ತಷ್ಟು ದಿನ ಮುರಿದ ತೋಳಿನ ನೋವು ತಿನ್ನಬೇಕಾಯಿತು.

ಮಾರನೆಯ ದಿನ ಡಾಕ್ಟರ ಮುಂದೆ, ನಮ್ಮೆಲ್ಲರ ಮುಂದೆ, ಚೆಕಿಂಗ್ ನನ್ನ ಸೊಸೆಯ ನೀರಿಳಿಸಿದಳು.

"ನಾನು ಬಾಯಿಬಿಟ್ಟು ಹೇಳಿದ್ದೆ ಡಾಕ್ಟ್ರೇ. ಇವಳ ಕಿವಿ ಎಲ್ಲಿತ್ತೋ! ಆ ಸಣ್ಣ ಆಸ್ಪತ್ರೇಲಿ ಏನು ಕಲಿತು ಬಂದಳೋ, ನಮ್ಮ ತಲೆ ಮೇಲೆ ಕೂತಿದ್ದಾಳೆ."

ಹಸಿ ಸುಳ್ಳು! ಬಾಯಿ ತೆರೆದೂ ಬಿಟ್ಟೆ. ಸೊಸೆ ನನ್ನತ್ತ ಒಂದೇ ಒಂದು ಸಲ ನೋಡಿದಳು. ಆ ನೋಟಕ್ಕೆ ನಾನು ಬಾಯಿ ಮುಚ್ಚಿ ಹೊದಿಕೆಯ ಅಂಚನ್ನು ಹಿಂಡಿದೆ.

ಅದೇ ಸಂಜೆ ಮಗ ನನ್ನನ್ನು ನೋಡಲು ಬಂದ. ನನ್ನ ಮಗನಿಗೆ ಎಲ್ಲಾ ಬರುತ್ತದೆ, ನಾಟಕವೊಂದು ಬರುವುದಿಲ್ಲ. ಹೆಂಡತಿ ಎದುರಿಗೆ ಬಂದಳು, ಇವನು ಕಿವಿಯವರೆಗೆ ನಕ್ಕ. ಆಮೇಲೆ ನೆನಪಾಗಿ ಕೈ ಮುಗಿದು, "ನಮಸ್ಕಾರ ಸಿಸ್ಟರ್, ನಮ್ಮಮ್ಮ ಹೇಗಿದ್ದಾರೆ?" ಎಂದ. "ಚೆನ್ನಾಗಿದ್ದಾರೆ. ನೀವು ಮಂಚದ ಮೇಲೆ ಕೂರ್ಬೇಡಿ," ಎಂದಳು ಅವಳು. ಪಾಪ, ಎದ್ದು ನಿಂತ. ಅವನು ಹೋದ ಮೇಲೆ ಟೀಚರಮ್ಮ, "ನಿಮ್ಮ ಮಗ ಆ ಸಿಸ್ಟರನ್ನ ಯಾಕೋ ಬಹಳ ನೋಡ್ತಾನೆ ಕಂಡಕ್ಟರಮ್ಮ, ಮದುವೆ ಆಗಿದೆ ತಾನೇ ಅವನಿಗೆ?" ಎಂದರು. ಆಗಿದೆ, ಹೆಂಡತಿ ಬಿಗಿಯಾಗಿಯೇ ಇಟ್ಟಿದ್ದಾಳೆ ಎಂದೆ.

ಆಮೇಲೆ ಸೊಸೆ ನನ್ನ ದಿಂಬು ಸರಿಮಾಡಲು ಬಂದಾಗ ನಾನು ಕೈ ಹಿಡಿದುಕೊಂಡು, ಕಡ್ಡಿ ಮುರಿದ ಹಾಗೆ ಕೇಳಿದೆ, "ಏನಿದು? ಯಾಕೆ ಆ ದೊಡ್ಡ ಸಿಸ್ಟರ್ ನಿನ್ನ ಮೇಲೆ ಇಷ್ಟು ಹಲ್ಲು ಮಸೀತಾಳೆ?"

ಅವಳು ದಿಂಬು ತಟ್ಟುತ್ತಲೇ ಪಿಸುದನಿಯಲ್ಲಿ ಹೇಳಿದಳು. ಬಂದ ಮೊದಲ ವಾರ ಚೆಕಿಂಗ್ ಒಬ್ಬರಿಗೆ ಇಂಜೆಕ್ಷನ್ ಕೊಡಲು ಹೊರಟಿದ್ದಳಂತೆ. ಅದು ಪಕ್ಕದ ಮಂಚದವರದು. ಸೂಜಿ ಚುಚ್ಚುವ ಮೊದಲೇ ನನ್ನ ಸೊಸೆ ಅವಳ ಕೈ ಹಿಡಿದಳಂತೆ.

"ಯಾರಿಗೂ ಹೇಳಲಿಲ್ಲ ಅತ್ತೆ ನಾನು. ಆದ್ರೆ ಅಲ್ಲಿದ್ದ ಇಬ್ರು ನೋಡಿಬಿಟ್ರು. ಅವತ್ತಿಂದ ನನಗೆ ಓವರ್ ಇಲ್ಲ, ಟೀಗೆ ಕರೆಯೋದಿಲ್ಲ. ನಾನು ಹೋದ್ರೆ ಮಾತು ನಿಲ್ಲಿಸ್ತಾರೆ. ಭಾರದವರನ್ನ ಎತ್ತೋಕೆ ಕೈ ಕೊಡಿ ಅಂದ್ರೆ, ಕೆಲಸ ಇದೆ ಅಂತಾರೆ."

"ಅಂದ್ರೆ ನೀನು ಒಳ್ಳೇದು ಮಾಡಿದ್ದೇ ತಪ್ಪಾ?"

"ನನ್ನನ್ನ ಅಂದ್ರೆ ತಡ್ಕೋಬಹುದು ಅತ್ತೆ. ನಿನ್ನೆ ನೋವು ತಿಂದಿದ್ದು ಟೈಲರಮ್ಮ. ನಾಳೆ ಇನ್ಯಾರಿಗೋ ಇನ್ನೂ ದೊಡ್ಡದಾಗುತ್ತೆ." ಅವಳು ನನ್ನ ಹೊದಿಕೆ ಎಳೆದು ಸರಿಮಾಡಿದಳು. "ಈ ತಿಂಗಳು ಮುಗಿಸಿ ಬಿಟ್ಬಿಡ್ತೀನಿ. ಈ ಕೆಲಸಾನೇ ಬೇಡ."

ಅವಳು ಮುಂದಿನ ಮಂಚಕ್ಕೆ ಹೋದಳು. ಅಜ್ಜಿಯನ್ನು ಮಗ್ಗುಲಿಗೆ ಹೊರಳಿಸುವಾಗ ಒಬ್ಬಳೇ ಮಂಚದ ಕಂಬಿಗೆ ಮಂಡಿ ಕೊಟ್ಟು, ಅಜ್ಜಿಗೆ ನೋವಾಗದ ಹಾಗೆ ಹೊರಳಿಸಿದಳು. ಇಬ್ಬರು ಮಾಡುವ ಕೆಲಸ. ಅವಳು ನರ್ಸೆಂದು ನನಗೆ ಗೊತ್ತಿತ್ತು, ಅವಳ ಕೆಲಸವನ್ನು ನಾನು ನೋಡಿದ್ದು ಅದೇ ಮೊದಲು. ಇಂಥ ಕೈ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ನಷ್ಟ ಯಾರಿಗೆ? ಚೆಕಿಂಗ್‌ಗಂತೂ ಅಲ್ಲ. ಮಂಚದ ಮೇಲೆ ಬಿದ್ದಿರುವ ನಮಗೆ.

ಮಲಗಿದಲ್ಲೇ ನನಗೆ ನನ್ನ ಮೊದಲ ದಿನಗಳು ನೆನಪಾದವು. ನಮ್ಮ ಡಿಪೋಗೆ ಬಂದ ಮೊದಲ ಹೆಂಗಸು ಕಂಡಕ್ಟರ್ ನಾನು. ಹೊಸ ದಾರಿ, ಯಾವ ಸ್ಟಾಪ್ ಎಲ್ಲಿ ಎಂದು ಗೊತ್ತಿಲ್ಲ. ಕೇಳಿದರೆ ಡ್ರೈವರ್ ಕಿಟಕಿಯ ಹೊರಗೆ ನೋಡಿ ಸಿಳ್ಳೆ ಹಾಕುತ್ತಿದ್ದ. ಹೆಂಗಸು ಎರಡು ದಿನದಲ್ಲಿ ಓಡಿಹೋಗುತ್ತಾಳೆ ಎಂದು ಡಿಪೋದಲ್ಲಿ ಮಾತಾಡಿಕೊಂಡಿದ್ದರು. ನನ್ನನ್ನು ಉಳಿಸಿದ್ದು ಪ್ರಯಾಣಿಕರು. ಒಬ್ಬಾಕೆ, "ಮುಂದಿನದು ಹಳೇ ಸೇತುವೆ, ಕೂಗಮ್ಮ," ಎಂದಳು. ಕೂಗಿದೆ. ಹಿಂದಿನ ಸೀಟಿನವನು, "ಆಮೇಲೆ ಗಿರಣಿ," ಎಂದ. ಇಡೀ ಬಸ್ಸು ನನಗೆ ದಾರಿ ಹೇಳಿಕೊಟ್ಟಿತು. ಇಳಿಯಬೇಕಾದವರು ಅವರು, ಸ್ಟಾಪ್ ಎಲ್ಲಿ ಬರುತ್ತದೆಂದು ಅವರಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತಿರುತ್ತದೆ?

ನೋವಿರುವವರು ನಾವು. ನಮ್ಮ ಓವರ್ ನಾವೇ ಏಕೆ ಕೊಡಬಾರದು?

ಬೆಳಿಗ್ಗೆ ನಾನು ಈ ಮಾತನ್ನು ವಾರ್ಡಿಗೆ ಹಾಕಿದೆ. ಸೊಸೆಯೆಂಬ ಗುಟ್ಟನ್ನು ಮಾತ್ರ ನುಂಗಿಕೊಂಡೆ. ಟೈಲರಮ್ಮ ಮೊದಲೇ ಕುದಿಯುತ್ತಿದ್ದಳು. "ಆ ಹೊಸ ಸಿಸ್ಟರ್ ಕೇಳಿದ್ದು ನನ್ನ ಕಿವಿಗೇ ಬಿದ್ದಿದೆ. ಇವಳು ಹೇಳದೆ ಹೋಗಿ, ಹೇಳ್ದೆ ಅಂತಾಳೆ! ನಾನು ಸೇರ್ಕೋತೀನಿ," ಎಂದಳು. ಟೀಚರಮ್ಮನಿಗೆ ಮತ್ತೆ ಶಾಲೆ ಸಿಕ್ಕಷ್ಟು ಖುಷಿ.

"ಎಲ್ಲಾ ಒಟ್ಟಿಗೆ ಕಿರುಚಬಾರದು," ಎಂದರು. "ಒಬ್ಬೊಬ್ಬರೇ. ಮೊದಲು ನೋವು, ಆಮೇಲೆ ಔಷಧಿ, ಆಮೇಲೆ ಊಟ. ಡಾಕ್ಟರು ಮೇಜಿನ ಹತ್ರ ಹೇಳಿ ಹೋಗೋಕೆ ಬಿಡಬೇಡಿ. ನನಗೇನು ಮಾಡ್ತೀರಿ ಅಂತ ಇಲ್ಲೇ ಕೇಳಿ. ನಾಚ್ಕೋಬೇಡಿ."

ಡಾಕ್ಟರು ಬಂದಾಗ ಹಾಗೇ ಕೇಳಿದೆವು. ಅವರಿಗೆ ಮೊದಲು ಗಾಬರಿಯಾಯಿತು, ಆಮೇಲೆ ಕುರ್ಚಿ ಎಳೆದು ಕೂತು ಹೇಳಿದರು. ಅಜ್ಜಿಗೆ ಟೀಚರಮ್ಮ ಕೈಸನ್ನೆಯಲ್ಲಿ, ಆಮೇಲೆ ವಾರ್ಡೆಲ್ಲ ಕೇಳುವಷ್ಟು ಗಟ್ಟಿಯಾಗಿ ತಿಳಿಸಿ ಹೇಳಿದರು. ಅಜ್ಜಿ ತಲೆಯಾಡಿಸಿ, "ನಂಗೆ ಮದುವೆಗೆ ಬರೋಕಾಗಲ್ಲಮ್ಮ, ಕಾಲು ಹೀಗಿದೆ," ಎಂದರು. ಮತ್ತೊಂದು ಸಲ ಹೇಳಿಕೊಡಬೇಕಾಯಿತು.

ಮಧ್ಯಾಹ್ನ ನನ್ನ ಸೊಸೆ ಬಂದಳು. ಚೆಕಿಂಗ್ ಕೈಚೀಲ ಹೆಗಲಿಗೇರಿಸಿ, "ನಿಂದೆಲ್ಲಾ ಸರಿಯಿದೆ," ಎಂದು ಹೊರಟಳು.

"ಸಿಸ್ಟರ್, ಒಂದು ನಿಮಿಷ," ಎಂದೆ ನಾನು. ಆ ದನಿ ನನ್ನ ಬಸ್ಸಿನ ದನಿ. ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಮುಟ್ಟುವಂಥದ್ದು. ಚೆಕಿಂಗ್ ನಿಂತಳು. ಸೊಸೆಯೂ ನಿಂತಳು, ಮುಖ ಬಿಳಿಚಿತು.

"ನನ್ನ ಓವರ್ ನಾನೇ ಕೊಡ್ತೀನಿ. ತೊಡೆ ಮೂಳೆ, ಆಪರೇಷನ್ ಆಗಿದೆ. ನೋವಿನ ಮಾತ್ರೆ ತಿಂಡಿ ಆದ್ಮೇಲೆ ಕೊಟ್ರು. ನಾಳೆ ನನ್ನನ್ನ ಎಬ್ಬಿಸಿ ನಿಲ್ಲಿಸ್ತೀವಿ ಅಂದ್ರು ಡಾಕ್ಟ್ರು. ಇವತ್ತು ಕೂತ್ಕೋಬೋದು, ಕಾಲು ಊರ್ಬಾರ್ದು."

ನಾನು ಮುಗಿಸುವುದರೊಳಗೆ ಟೀಚರಮ್ಮ ಪಾಠ ಒಪ್ಪಿಸಿದರು. ಟೈಲರಮ್ಮ ತನ್ನ ಆಪರೇಷನ್‌ಗೆ ಗೊತ್ತುಮಾಡಿದ ದಿನ, ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಹಾಕಬಾರದೆಂಬುದು, ಎರಡನ್ನೂ ಹೇಳಿ, "ಬಿಸ್ಕತ್ತೂ ಕೂಡ," ಎಂದು ಚೆಕಿಂಗ್ ಕಡೆ ನೋಡಿದಳು. ಕೊನೆಗೆ ಅಜ್ಜಿ. ಕಿವಿ ಮಂದವಾದವರಿಗೆ ತಮ್ಮ ದನಿ ಎಷ್ಟು ಎಂದು ತಿಳಿಯುವುದಿಲ್ಲ. "ನಂಗೆ ಮೂರು ದಿನದಿಂದ ಹೊರಗೆ ಆಗಿಲ್ಲ!" ಎಂದು ಕಾರಿಡಾರಿಗೂ ಕೇಳುವ ಹಾಗೆ ಕೂಗಿದರು.

ನಾವೆಲ್ಲ ನಕ್ಕೆವು. ನನ್ನ ಸೊಸೆ ನಗಲಿಲ್ಲ. ಅಜ್ಜಿಯ ಬಳಿ ಹೋಗಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿದಳು. ಅವರ ಕಿವಿಗೆ ಬಾಯಿಟ್ಟು, "ಒಳ್ಳೇದಾಯ್ತು ಹೇಳಿದ್ದು ಅಜ್ಜಿ. ಇದು ಬಹಳ ಮುಖ್ಯ," ಎಂದಳು. ಆಮೇಲೆ ಒಬ್ಬೊಬ್ಬರ ಹತ್ತಿರವೂ ಬಂದು, ನಾವು ಹೇಳಿದ್ದನ್ನು ತಿರುಗಿ ಹೇಳಿ, ಹೌದೇ ಎಂದು ಕೇಳಿ, ನಾವು ಹೇಳಲು ಮರೆತದ್ದನ್ನು ವಿಚಾರಿಸಿದಳು. ಚೆಕಿಂಗ್ ಇಂಗು ತಿಂದ ಮಂಗನ ಹಾಗೆ ಬಾಗಿಲಲ್ಲಿ ನಿಂತಿದ್ದಳು.

"ನಾನೇನು ಹೇಳಲ್ಲ ಅಂದಿದ್ನಾ? ಹೇಳೋಳೇ ಇದ್ದೆ," ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವಳು ಹೇಳಲಿಲ್ಲವೆಂದು ನಮ್ಮಲ್ಲಿ ಯಾರೂ ಅಂದಿರಲಿಲ್ಲ.

ನಾನು ಗೆದ್ದೆನೆಂದು ಬೀಗಿದೆ. ನನ್ನ ಬೀಗುವಿಕೆ ಎರಡು ದಿನ ಬಾಳಲಿಲ್ಲ. ಚೆಕಿಂಗ್ ನೇರ ಎಲ್ಲಾ ನರ್ಸುಗಳ ಮೇಲಧಿಕಾರಿ ಮೇಟ್ರನ್ ಹತ್ತಿರ ಹೋಗಿ, ಹೊಸಬಳು ರೋಗಿಗಳನ್ನು ಎತ್ತಿಕಟ್ಟಿ ಹಿರಿಯರಿಗೆ ಅವಮಾನ ಮಾಡಿಸಿದ್ದಾಳೆ ಎಂದು ದೂರು ಕೊಟ್ಟಳು. ಸರದಿಯಿಲ್ಲದಿದ್ದರೂ ನನ್ನ ಸೊಸೆಗೆ ರಾತ್ರಿ ಪಾಳಿ ಹಾಕಿದಳು. ಪಾಳಿಗೆ ಬಂದ ಸೊಸೆ ಮೊದಲು ನನ್ನ ಮಂಚದ ಬಳಿ ನಿಂತಳು.

"ಅತ್ತೆ, ಅದು ನಿಮ್ಮ ಕೆಲಸ ತಾನೇ?"

"ನಂದೇ. ತಪ್ಪಾ?"

"ನಾಳೆ ಬೆಳಿಗ್ಗೆ ಓವರ್ ಹೊತ್ತಿಗೆ ಮೇಟ್ರನ್ ಮೇಡಂ ಬರ್ತಾರಂತೆ. ಎತ್ತಿಕಟ್ಟಿದ್ದು ನಿಜಾನಾ ಅಂತ ನೋಡೋಕೆ. ನೀವು ನನ್ನ ಅತ್ತೆ ಅಂತ ಗೊತ್ತಾದ್ರೆ, ನಾನೇ ಮನೆಯವರನ್ನ ಇಟ್ಕೊಂಡು ಮಾಡಿಸ್ದೆ ಅಂತ ಆಗುತ್ತೆ. ಆಗ ತಿಂಗಳಾಗೋವರೆಗೂ ಕಾಯೋದೇ ಬೇಡ, ಅವರೇ ಕಳಿಸ್ತಾರೆ. ಆ ಹೆಸರು ಹೊತ್ತು ಹೋದ್ರೆ ಬೇರೆ ಕಡೇನೂ ಯಾರು ತಗೋತಾರೆ?"

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎಂದು ಸುಮ್ಮನೆ ಹೇಳುತ್ತಾರೆಯೇ? ಗುಟ್ಟು ಬಿಟ್ಟುಕೊಡುವುದಿಲ್ಲ, ಕೊರಳು ಕುಯ್ದರೂ ಇಲ್ಲ ಎಂದು ಮಾತು ಕೊಟ್ಟೆ.

ಬೆಳಗಾಯಿತು. ಟೀಚರಮ್ಮ, ಟೈಲರಮ್ಮ ಇಬ್ಬರೂ ತುದಿಗಾಲಲ್ಲಿದ್ದರು, ಮಂಚದ ಮೇಲೆ ಎಷ್ಟು ಸಾಧ್ಯವೋ ಅಷ್ಟು. ಈ ಹೊತ್ತು ಲೆಕ್ಕ ತಿರುಗಿತ್ತು. ರಾತ್ರಿಯೆಲ್ಲ ನಮ್ಮನ್ನು ನೋಡಿಕೊಂಡವಳು ನನ್ನ ಸೊಸೆ, ಓವರ್ ತೆಗೆದುಕೊಳ್ಳಬೇಕಾದವಳು ಚೆಕಿಂಗ್.

"ಸಿಸ್ಟರ್, ನೀವೂ ಎಲ್ಲಾ ಸರಿಯಿದೆ ಅಂತ ಹೇಳಿ ಹೊರಟುಬಿಡಿ," ಎಂದಳು ಟೈಲರಮ್ಮ. ಆ ದಿನವೇ ಅವಳ ಆಪರೇಷನ್. "ಒಂದು ಸಲ ಅವಳಿಗೂ ರುಚಿ ಗೊತ್ತಾಗ್ಲಿ. ಮಾಡಿದ್ದುಣ್ಣೋ ಮಹರಾಯ ಅಂತ."

ನನಗೂ ಒಳಗೊಳಗೆ ಅದೇ ಆಸೆ. ಸೊಸೆ ಮುಖ ತೊಳೆದು ಬಂದು, ಕೂದಲು ಕಟ್ಟಿಕೊಂಡಳು.

ಮೇಟ್ರನ್ ಬಂದರು. ಕುಳ್ಳಗಿನ ಹೆಂಗಸು, ಸದ್ದಿಲ್ಲದ ಚಪ್ಪಲಿ. ಗೋಡೆಗೆ ಒರಗಿ ಕೈಕಟ್ಟಿ ನಿಂತರು. ಚೆಕಿಂಗ್ ಮೇಜಿನ ಬಳಿ ಕುರ್ಚಿ ಎಳೆದಳು.

"ಸಿಸ್ಟರ್, ಇಲ್ಲಿ ಬೇಡ," ಎಂದಳು ನನ್ನ ಸೊಸೆ. "ಮಂಚದ ಹತ್ರ ಬನ್ನಿ."

ಟೈಲರಮ್ಮನಿಂದ ಶುರುಮಾಡಿದಳು. "ಇವತ್ತು ಮೊದಲನೇ ಆಪರೇಷನ್ ಇವರದು. ನಿನ್ನೆ ರಾತ್ರಿ ಊಟ ಆದ್ಮೇಲೆ ಏನೂ ತಗೊಂಡಿಲ್ಲ. ಬೆಳಿಗ್ಗೆ ಬಾಯಿ ಒಣಗಿದೆ ಅಂದ್ರು, ತುಟಿ ಒದ್ದೆ ಮಾಡಿದ್ದೀನಿ ಅಷ್ಟೇ, ನುಂಗಿಲ್ಲ. ಬೆರಳು ಆಡಿಸ್ತಾರೆ, ಬಿಸಿಯಾಗಿವೆ. ಭಯ ಪಟ್ಟಿದ್ದಾರೆ, ಹೇಳ್ಕೊಳ್ಳಲ್ಲ. ತಳ್ಳಿಕೊಂಡು ಹೋಗೋವಾಗ ಯಾರಾದ್ರೂ ಜೊತೇಲಿ ನಡೀರಿ." ಟೈಲರಮ್ಮ ಬಾಯಿ ತೆರೆದವಳು ಹಾಗೇ ಕಣ್ಣು ಒರೆಸಿಕೊಂಡಳು. ಟೀಚರಮ್ಮನ ಮಂಡಿಯ ಊತ, ಅಜ್ಜಿಗೆ ಬೆಳಗಿನ ಜಾವ ಸಲೀಸಾಗಿ ಹೊರಗೆ ಆದದ್ದು, ಬೆನ್ನ ಮೇಲೆ ಕೆಂಪಾಗುತ್ತಿರುವ ಒಂದು ಜಾಗ, ಎರಡು ಗಂಟೆಗೊಮ್ಮೆ ಹೊರಳಿಸಬೇಕಾದದ್ದು, ಒಂದನ್ನೂ ಬಿಡಲಿಲ್ಲ. ಸೇಡಿನ ಸುಳಿವಿಲ್ಲ, ಅಂಜಿಕೆಯೂ ಇಲ್ಲ. ಚೆಕಿಂಗ್ ಎಲ್ಲೋ ನೋಡುತ್ತಾ ಬಂದವಳು ಅಜ್ಜಿಯ ಮಂಚದ ಹೊತ್ತಿಗೆ ಬಾಗಿ ಆ ಕೆಂಪು ಜಾಗವನ್ನು ನೋಡುತ್ತಿದ್ದಳು.

ಕೊನೆಗೆ ನನ್ನ ಮಂಚ. ನಾನು ಛಾವಣಿ ನೋಡುತ್ತಾ ಅಪರಿಚಿತಳ ಮುಖ ಮಾಡಿಕೊಂಡೆ.

"ಇವರು ನನ್ನ ಅತ್ತೆ," ಎಂದಳು.

ನಾನು ಗಕ್ಕನೆ ಅವಳತ್ತ ತಿರುಗಿದೆ. ಮೇಟ್ರನ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

"ನಮ್ಮ ಮನೆಯವರ ತಾಯಿ. ಇಲ್ಲಿ ಹೇಳಿದ್ರೆ ಇವರಿಗೆ ತೊಂದ್ರೆ ಆಗುತ್ತೆ ಅಂತ ನಾನೇ ಮುಚ್ಚಿಟ್ಟೆ ಮೇಡಂ. ಅವತ್ತು ವಾರ್ಡಿಗೆಲ್ಲ ಹೇಳಿಕೊಟ್ಟಿದ್ದು ಇವರೇ. ನಾನು ಹೇಳಿಸಿಲ್ಲ. ಆದ್ರೆ ನನ್ನನ್ನ ಕೇಳಿದ್ದಿದ್ರೆ ಬೇಡ ಅಂತಾನೂ ಅಂತಿರಲಿಲ್ಲ. ನನಗೆ ಓವರ್ ಸಿಗ್ತಿಲ್ಲ ಮೇಡಂ, ಬಂದಾಗಿಂದ. ನನಗೆ ಟೀ ಕೊಡದಿದ್ರೆ ಪರವಾಗಿಲ್ಲ. ಓವರ್ ನನ್ನದಲ್ಲ, ರೋಗಿಗಳದು."

ಆಮೇಲೆ ಅವಳು ಚೆಕಿಂಗ್ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಸಿಸ್ಟರ್, ಇವರಿಗೆ ತೊಡೆ ಮೂಳೆ. ಎಬ್ಬಿಸಿ ನಿಲ್ಲಿಸ್ತಿದ್ದಾರೆ. ನೋವಿದ್ರೂ ಇಲ್ಲ ಅಂತಾರೆ, ಹೊದಿಕೆ ಅಂಚು ಹಿಂಡ್ತಿದ್ರೆ ನೋವಿದೆ ಅಂತ ತಿಳ್ಕೊಳ್ಳಿ. ಕೋಪ ಜಾಸ್ತಿ, ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ಒಬ್ಬರೇ ಎದ್ದೇಳೋಕೆ ನೋಡ್ತಾರೆ, ಬಿಡಬೇಡಿ. ನಾನು ಮನೆಗೆ ಹೋಗ್ತಿದ್ದೀನಿ. ನಮ್ಮ ಅತ್ತೇನ ನಿಮ್ಮ ಕೈಲಿ ಬಿಟ್ಟು ಹೋಗ್ತಿದ್ದೀನಿ, ನೋಡ್ಕೊಳ್ಳಿ."

ನನ್ನ ಕಣ್ಣು ತುಂಬಿ ಬಂತು. ಅಳುವುದು ನನಗೆ ಆಗಿಬರುವುದಿಲ್ಲ. ಆದರೂ ಹೊದಿಕೆಯ ಅಂಚು ಹಿಂಡುತ್ತಿದ್ದೆ, ಎಲ್ಲರೂ ಅದನ್ನೇ ನೋಡುತ್ತಿದ್ದರು.

ಚೆಕಿಂಗ್ ಕೂಡ ನನ್ನ ಕೈಯನ್ನೇ ನೋಡಿದಳು. ಕ್ಷಮೆ ಕೇಳಲಿಲ್ಲ, ಅಂಥ ಮುಖವೂ ಅಲ್ಲ ಅದು. ನನ್ನ ಸೊಸೆಯನ್ನು ಒಂದು ಪ್ರಶ್ನೆ ಕೇಳಿದಳು.

"ನೋವಿನ ಮಾತ್ರೆ ಕೊನೆಗೆ ಯಾವಾಗ ಕೊಟ್ಟಿದ್ದು?"

"ಐದು ಗಂಟೆಗೆ ಸಿಸ್ಟರ್."

"ಸರಿ. ಎಬ್ಬಿಸಿ ನಿಲ್ಲಿಸೋಕೆ ಮುಂಚೆ ಇನ್ನೊಂದು ಕೊಡ್ತೀನಿ."

ನಾಲ್ಕು ತಿಂಗಳಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಓವರ್ ಅದಂತೆ. ಮೇಟ್ರನ್ ಚೆಕಿಂಗ್‌ಗೆ, "ಕೆಲಸ ಮುಗಿಸಿ ನನ್ನ ಕೋಣೆಗೆ ಬನ್ನಿ. ಪಾಳಿ ಹಾಕೋದು ಇನ್ಮೇಲೆ ನಾನು ನೋಡ್ತೀನಿ," ಎಂದರು. ಹೊರಡುವಾಗ ಬಾಗಿಲಲ್ಲಿ ತಿರುಗಿ, ಈ ವಾರ್ಡಿನಲ್ಲಿ ಓವರ್ ಮಂಚದ ಹತ್ತಿರವೇ ಆಗಲಿ, ರೋಗಿಗೂ ಕೇಳಿಸಲಿ ಎಂದರು. ನನ್ನತ್ತ ನೋಡಿ, "ನೀವು ಮಾತ್ರ ಸ್ವಲ್ಪ ಮೆಲ್ಲಗೆ ಮಾತಾಡಿ," ಎಂದೂ ಸೇರಿಸಿದರು.

ಸೊಸೆ ಕೈಚೀಲ ತೆಗೆದುಕೊಂಡು ನನ್ನ ಬಳಿ ಬಂದಳು. ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು, ಕುತ್ತಿಗೆ ನೆಟ್ಟಗಿತ್ತು.

"ಮನೆಗೆ ಹೋಗಿ ಮಲಗ್ತೀನಿ ಅತ್ತೆ. ಸಂಜೆ ಬರ್ತೀನಿ."

"ನನ್ನ ನೋಡೋಕಾ, ಕೆಲಸಕ್ಕಾ?"

"ಎರಡಕ್ಕೂ."

"ಮತ್ತೆ ತಿಂಗಳಾದ ಮೇಲೆ?"

"ಆಮೇಲೂ ಬರ್ತೀನಿ," ಎಂದಳು. ಎಷ್ಟೋ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕಳು.

ಅವಳು ಬಾಗಿಲು ದಾಟಿದ್ದೇ ತಡ, ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟರು. "ಕಂಡಕ್ಟರಮ್ಮ! ಅಂದ್ರೆ ನಿಮ್ಮ ಮಗ ನೋಡ್ತಿದ್ದದ್ದು ಅವನ ಹೆಂಡ್ತೀನೇನಾ? ಆ ಸಿಸ್ಟ್ರು ನಿಜವಾಗ್ಲೂ ನಿಮ್ಮ ಸೊಸೇನಾ?"

ಬೀಗ ಹಾಕಿಕೊಂಡಿದ್ದ ಬಾಯಿ. ಮೆಲ್ಲಗೆ ಮಾತಾಡಿ ಎಂದು ಮೇಟ್ರನ್ ಹೇಳಿಹೋದದ್ದು ನೆನಪಿತ್ತು, ಆದರೆ ಅಜ್ಜಿಗೂ ಕೇಳಬೇಕಲ್ಲ.

"ಹೌದು," ಎಂದೆ, ಕಿಟಕಿಯಾಚೆ ಬಸ್ಸಿಗೆ ಕಾಯುತ್ತಿದ್ದವರು ತಲೆಯೆತ್ತಿ ನೋಡುವ ಹಾಗೆ. "ನನ್ನ ಸೊಸೆ!"